ಬಿದ್ದ ವಿಮಾನ ಹುಡುಕಿಕೊಂಡು ಗುಡ್ಡ ಹತ್ತಿದ್ದು

ಗುಡ್ಡ ಹತ್ತುವಾಗ ನನ್ನ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರುತ್ತದೆ. ಹಾಳಾದ ರೇಡಿಯೋದ ಸ್ಪೀಕರ್ ಬಿಚ್ಚಿ ತೆಗೆದದ್ದು, ಸಣ್ಣ ಉದ್ದಿನ ವಡೆಯ ಆಕಾರ. ಯಾಕೆ ಅಂತ ಕೇಳಿದವರಿಗೆ, ವಿಮಾನ ಹುಡುಕಲಿಕ್ಕೆ ಅಂದರೆ ಸುಮ್ಮನೆ ಮುಖ ನೋಡುತ್ತಾರೆ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನಮ್ಮೂರು ತೀರ್ಥಹಳ್ಳಿ–ಹೊಸನಗರದ ನಡುವೆ. ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದೆ. ಆ ಊರಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಪೀಕ್ ಡಿಸ್ಟ್ರಿಕ್ಟ್ ಅನ್ನುವ ಗುಡ್ಡಗಾಡು. ಎರಡನೇ ಮಹಾಯುದ್ಧದ ಕಾಲದಲ್ಲೂ ಅದರ ಆಚೀಚಿನ ವರ್ಷಗಳಲ್ಲೂ ಅಲ್ಲಿ ಎಷ್ಟೋ ವಿಮಾನಗಳು ಬಿದ್ದಿವೆ. ಕೆಲವುದರ ಅವಶೇಷ ಇವತ್ತಿಗೂ ಬಿದ್ದಲ್ಲೇ ಇದೆ. ಭಾನುವಾರ ಬಂದರೆ ಬುತ್ತಿ ಕಟ್ಟಿಕೊಂಡು ಅವನ್ನು ನೋಡಲು ಹೋಗುವ ಜನ ಅಲ್ಲಿದ್ದಾರೆ. ಆಫೀಸಿನ ಒಬ್ಬ ಹಿರಿಯರು ಅಂಥವರು. ಅವರ ಜೊತೆ ಹೋಗಿ ಹೋಗಿ ನನಗೂ ಅದು ಹತ್ತಿಕೊಂಡಿತು.

ಮೊದಮೊದಲು ನಾನು ಅಂದುಕೊಂಡಿದ್ದು ಜರ್ಮನಿಯವರು ಹೊಡೆದು ಬೀಳಿಸಿರಬೇಕು ಅಂತ. ಹಾಗಲ್ಲ. ತುಂಬಾ ವಿಮಾನಗಳು ತರಬೇತಿಗೆ ಹೋದವು, ಇಲ್ಲಾ ಒಂದು ನೆಲೆಯಿಂದ ಇನ್ನೊಂದಕ್ಕೆ ಹೊರಟವು. ಅವನ್ನು ಕೆಡವಿದ್ದು ಮೋಡ. ಕೆಳಗೆ ಏನೂ ಕಾಣದಿದ್ದಾಗ ವೇಗ, ದಿಕ್ಕು, ಸಮಯದ ಲೆಕ್ಕ ಹಾಕಿ ಇಷ್ಟೊತ್ತಿಗೆ ಗುಡ್ಡ ದಾಟಿದ್ದೇವೆ ಅಂದುಕೊಂಡು ಕೆಳಗಿಳಿಸುತ್ತಿದ್ದರು, ಎದುರು ಗಾಳಿ ಸ್ವಲ್ಪ ಜಾಸ್ತಿ ಇದ್ದರೂ ಸಾಕು, ಗುಡ್ಡ ಇನ್ನೂ ಮುಂದೆಯೇ ಇರುತ್ತಿತ್ತು. ಎತ್ತರ ತೋರಿಸುವ ಮೀಟರು ಗಾಳಿಯ ಒತ್ತಡ ನೋಡಿ ಹೇಳುತ್ತದೆ, ಆ ಒತ್ತಡದ ಲೆಕ್ಕ 10 ಮಿಲಿಬಾರ್ ತಪ್ಪಿದರೆ ಎತ್ತರ ಸುಮಾರು 300 ಅಡಿ ತಪ್ಪುತ್ತದೆ. ಅಷ್ಟು ಸಾಕಲ್ವಾ.

ಇದು ನನಗೆ ಬೇಗ ಅರ್ಥವಾಯಿತು. ಜುಲೈ ತಿಂಗಳಲ್ಲಿ ಆಗುಂಬೆಯ ತಿರುವಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು, ಮುಂದಿನ ಬಸ್ಸಿನ ಹಿಂಭಾಗವೂ ಕಾಣದೆ ಗಾಡಿ ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ನನ್ನನ್ನು ಬಹಳ ಕಾಡಿದ ಜಾಗ ಬ್ಲೀಕ್‌ಲೋ ಅನ್ನುವ ಬೋಳುಗುಡ್ಡ. ಅದರ ಒಂದು ತುದಿ ಹೈಯರ್ ಶೆಲ್ಫ್ ಸ್ಟೋನ್ಸ್, ಎತ್ತರ 621 ಮೀಟರ್, ಹೆಚ್ಚುಕಡಿಮೆ ನಮ್ಮ ಆಗುಂಬೆ ಊರಿನಷ್ಟೇ. ಕೊಡಚಾದ್ರಿ 1343 ಮೀಟರ್ ಇದೆ, ಅದರ ಅರ್ಧವೂ ಇಲ್ಲ. 1948ರ ನವೆಂಬರ್ 3ರಂದು ಅಮೆರಿಕದ ಒಂದು ಬಿ-29 ಬಾಂಬರ್ ವಿಮಾನ ಸ್ಕ್ಯಾಂಪ್ಟನ್ ನೆಲೆಯಿಂದ ಬರ್ಟನ್‌ವುಡ್ ನೆಲೆಗೆ ಹೊರಟಿತ್ತು. ಅರ್ಧ ಗಂಟೆಯೂ ಬೇಡದ ದಾರಿ. ಮೋಡದೊಳಗೆ ಇಳಿಯುತ್ತಾ ಗುಡ್ಡಕ್ಕೆ ಬಡಿಯಿತು. ಅದರಲ್ಲಿದ್ದ 13 ಜನರೂ ಹೋದರು. ಆಗ ಯುದ್ಧ ಮುಗಿದು ಮೂರು ವರ್ಷವಾಗಿತ್ತು. 1946ರಲ್ಲಿ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಯ ಫೋಟೋ ತೆಗೆಯಲು ಹೋಗಿ ವಾಪಸ್ ಬಂದಿದ್ದ ವಿಮಾನ ಅದು.

ಮೊದಲ ಸಲ ನವೆಂಬರಿನಲ್ಲಿ ಹೋದೆವು. ಸ್ನೇಕ್ ಪಾಸ್ ರಸ್ತೆಯಲ್ಲಿ ಕಾರು ನಿಲ್ಲಿಸಿ ಒಂದು ಗಂಟೆ ನಡೆದಿರಬಹುದು, ಮಂಜು ಇಳಿಯಿತು. ಹತ್ತು ಹೆಜ್ಜೆ ಮುಂದಿದ್ದ ಹಿರಿಯರ ಬೆನ್ನಿನ ಚೀಲ ಕಾಣದಾಯಿತು. ನನಗೆ ಮುಂದೆ ಹೋಗುವ ಆಸೆ. ಅವರು ನಿಂತು, ದಿಕ್ಸೂಚಿ ನೋಡಿ, ಇವತ್ತು ಬೇಡ, ವಾಪಸ್ ಅಂದರು. ಆ 13 ಜನ ಇಂಥದೇ ಮೋಡದೊಳಗೆ ಬಂದವರು ಅಂತ ಅಷ್ಟೇ ಹೇಳಿದರು.

ಏಪ್ರಿಲಿನಲ್ಲಿ ಮತ್ತೆ ಹೋದಾಗ ಆಕಾಶ ತಿಳಿಯಾಗಿತ್ತು. ನೆಲವೆಲ್ಲ ಕಪ್ಪು ಕೆಸರು, ನಮ್ಮ ಗದ್ದೆಯ ಕೆಸರಿನಂಥದಲ್ಲ, ಕೊಳೆತ ಹುಲ್ಲು ಸಾವಿರಾರು ವರ್ಷ ಸೇರಿ ಆದದ್ದು. ಒಂದು ದಿಬ್ಬ ಹತ್ತಿ ಆಚೆ ಇಳಿದರೆ ಎದುರಿಗೇ ಎಂಜಿನ್ನು. ಹದಿನೆಂಟು ಸಿಲಿಂಡರಿನದು, ಅದರ ಸುತ್ತ ರೆಕ್ಕೆರೆಕ್ಕೆಯಾಗಿ ಲೋಹದ ಪದರ, ಪದರದ ಸಂದಿನಲ್ಲಿ ಹುಲ್ಲು ಬೆಳೆದಿತ್ತು. ಬೆಂಕಿಗೆ ಕರಗಿದ ಅಲ್ಯುಮಿನಿಯಂ, ಬೆಲ್ಲದ ಪಾಕ ತಣ್ಣೀರಿಗೆ ಬಿಟ್ಟರೆ ಹೇಗೆ ಗಟ್ಟಿಯಾಗುತ್ತದೋ ಹಾಗೆ ಉಂಡೆ ಉಂಡೆ. ಒಂದು ತಗಡಿನ ಒಳಮೈಗೆ ಹಚ್ಚಿದ ಹಸಿರು ಬಣ್ಣ ಇನ್ನೂ ಹಾಗೇ ಇತ್ತು. ನಡುವೆ ನೆನಪಿನ ಕಲ್ಲು. ಯಾರೋ ಇಟ್ಟುಹೋದ ಪುಟ್ಟ ಮರದ ಶಿಲುಬೆಗಳು, ಕೆಂಪು ಕಾಗದದ ಹೂವು.

ನಾನು ಒಂದು ರಿವಿಟ್, ಅಂದರೆ ತಗಡು ಜೋಡಿಸುವ ಮೊಳೆ, ಎತ್ತಿ ಜೇಬಿಗೆ ಹಾಕಿಕೊಂಡೆ. ಜೀರಿಗೆ ಪೆಪ್ಪರಮೆಂಟಿನಷ್ಟು ಚಿಕ್ಕದು. ಹಿರಿಯರು ನೋಡಿದರು. ಬೈಯಲಿಲ್ಲ. ಎಲ್ಲಿತ್ತೋ ಅಲ್ಲೇ ಇಡು ಅಂದರು. ಅಲ್ಲಿ 1986ರಿಂದ ಕಾನೂನೇ ಇದೆ, ಬಿದ್ದ ಸೇನಾ ವಿಮಾನದ ಜಾಗವನ್ನು ಪರವಾನಗಿ ಇಲ್ಲದೆ ಕೆದಕುವ ಹಾಗಿಲ್ಲ. ಆದರೆ ನನಗೆ ನಾಚಿಕೆಯಾದದ್ದು ಕಾನೂನಿನಿಂದಲ್ಲ. ಹದಿಮೂರು ಜನ ಸತ್ತ ಜಾಗದಿಂದ ಮನೆಗೆ ಸಾಮಾನು ತಗೊಂಡು ಹೋಗುತ್ತಿದ್ದೆ. ಅವತ್ತಿಂದ ಎಲ್ಲೂ ಒಂದು ಚೂರನ್ನೂ ಎತ್ತಿಕೊಂಡಿಲ್ಲ. ಉರುಳೆಯ ಆಕಾರದ್ದು, ಏನು ಅಂತ ಗೊತ್ತಾಗದ್ದು ಇದ್ದರಂತೂ ಮುಟ್ಟುವುದೂ ಇಲ್ಲ, ಯುದ್ಧದ ಮದ್ದುಗುಂಡು ಎಂಬತ್ತು ವರ್ಷದ ಮೇಲೂ ಸಿಡಿಯಬಹುದು.

ಊರಿಗೆ ವಾಪಸ್ ಬಂದಮೇಲೆ ಇದೆಲ್ಲ ಮುಗಿಯಿತು ಅಂದುಕೊಂಡಿದ್ದೆ.

ಗೌರಿಹಬ್ಬಕ್ಕೆ ದೊಡ್ಡಮ್ಮನ ಮನೆಗೆ ಹೋಗಿದ್ದಾಗ, ಜಗಲಿಯಲ್ಲಿ ಕೂತು ಮೊಬೈಲಿನಲ್ಲಿದ್ದ ಬ್ಲೀಕ್‌ಲೋ ಫೋಟೋ ತೋರಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಕವಳ ಹಾಕಿಕೊಳ್ಳುತ್ತಾ ನೋಡಿದವರು, "ಇಮಾನ ನಮ್ಮ ಗುಡ್ಡದಾಗೂ ಬಿದ್ದಿತ್ತಲ್ಲ ತಮ್ಮಾ, ಯುದ್ಧದ ಕಾಲ್ದಾಗೆ" ಅಂದರು. ಮನೆಯ ಹಿಂದಿನ ಗುಡ್ಡವನ್ನು ಊರಲ್ಲಿ ಎಲ್ಲರೂ ಇಮಾನದ ಗುಡ್ಡ ಅಂತಲೇ ಕರೆಯುವುದು. ಅದಕ್ಕೆ ಕಾರಣ ನಾನೂ ಯಾವತ್ತೂ ಕೇಳಿರಲಿಲ್ಲ.

ಹಳಬರ ಮಾತು ಅಂತ ತಳ್ಳಿಹಾಕುವ ಹಾಗಿರಲಿಲ್ಲ. ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆ ಶುರುವಾದದ್ದೇ 1940ರ ಡಿಸೆಂಬರಿನಲ್ಲಿ, ಯುದ್ಧದ ನಡುವೆ. ಆಮೇಲೆ ಅಮೆರಿಕದವರು ತಮ್ಮ ವಿಮಾನಗಳನ್ನು ಅಲ್ಲೇ ರಿಪೇರಿ ಮಾಡಿಸುತ್ತಿದ್ದರು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಅಂದಮೇಲೆ ನಮ್ಮ ಆಕಾಶದಲ್ಲೂ ವಿಮಾನ ಓಡಾಡಿರಲೇಬೇಕು. ಅರುಣಾಚಲದ ಕಾಡಿನಲ್ಲಿ ಅಮೆರಿಕದ ವಿಮಾನಗಳು ಪತ್ತೆಯಾದದ್ದು ಹೇಗೆ ಅಂತ ನೋಡಿದರೆ, ದಾರಿ ತೋರಿಸಿದವರು ಹಳ್ಳಿಯ ಬೇಟೆಗಾರರೇ. 1944ರ ಜನವರಿ 25ರಂದು ಕಾಣೆಯಾದ ಒಂದು ಬಿ-24 ಬಾಂಬರ್ ಅಲ್ಲಿ ಸಿಕ್ಕಿದ್ದು 2006ರಲ್ಲಿ. ಅಷ್ಟು ವರ್ಷ ಪ್ರಪಂಚಕ್ಕೆ ಗೊತ್ತಿರದ ಜಾಗ ಆ ಕಾಡಿನವರಿಗೆ ಗೊತ್ತಿತ್ತು.

ಅಜ್ಜಿ ನನ್ನನ್ನು ಬಚ್ಚಲುಮನೆಗೆ ಕರೆದುಕೊಂಡು ಹೋದರು. ಒಲೆಯ ಬಾಯಿಗೆ ಮರೆಯಾಗಿ ಒಂದು ತಗಡು ನಿಲ್ಲಿಸಿದ್ದರು. ಮೊಳದಷ್ಟು ಅಗಲ, ಒಂದು ಬದಿ ಬಾಗಿದೆ, ಮಸಿ ಹಿಡಿದು ಕಪ್ಪಾಗಿದೆ. "ಇದು ಅದರದ್ದೇ. ನಮ್ಮಪ್ಪ ಹೊತ್ಕಂಡು ಬಂದಿದ್ದು."

ಒದ್ದೆ ಬಟ್ಟೆಯಲ್ಲಿ ಒಂದು ಮೂಲೆ ಒರೆಸಿ ಮ್ಯಾಗ್ನೆಟ್ ಹಿಡಿದೆ. ಟಕ್ಕಂತ ಅಂಟಿತು.

ವಿಮಾನದ ಮೈ ತಗಡಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಆ ತಗಡು ಅಲ್ಯುಮಿನಿಯಂ ಜಾತಿಯದು. ಆದರೆ ಚಕ್ರದ ಕಾಲು, ಎಂಜಿನ್ನಿನ ಭಾಗ ಇವೆಲ್ಲ ಉಕ್ಕು, ಹಾಗಾಗಿ ಇದೊಂದೇ ಪರೀಕ್ಷೆ ಸಾಲದು. ರಿವಿಟ್ ನೋಡಿದೆ. ವಿಮಾನದಲ್ಲಿ ಅವು ಸಣ್ಣಸಣ್ಣವು, ಹೊಲಿಗೆ ಹಾಕಿದ ಹಾಗೆ ಹತ್ತಿರ ಹತ್ತಿರ ಸಾಲು. ಇಲ್ಲಿದ್ದವು ಹೆಬ್ಬೆರಳಿನ ದಪ್ಪ, ಗೇಣಿಗೆ ಎರಡು. ಇದು ವಿಮಾನದ್ದಲ್ಲ ಅಂತ ನನಗೆ ಅಲ್ಲೇ ಖಾತ್ರಿಯಾಯಿತು. ಅಜ್ಜಿಗೂ ಮುಚ್ಚಿಡದೆ ಹೇಳಿದೆ. ಅವರು, "ಆಗ್ಲಿ, ನೀನು ಒಂದ್ಸಲ ಹೋಗಿ ನೋಡ್ಕಂಡು ಬಾ" ಅಂದರು.

ಮಳೆಗಾಲ, ಅದರ ಹಿಂದೆಯೇ ಬರುವ ಇಂಬಳದ (ಜಿಗಣೆಯ) ಕಾಲ ಎರಡೂ ಕಳೆಯಲಿ ಅಂತ ಜನವರಿಯವರೆಗೆ ಕಾದೆ. ಅರಣ್ಯ ಇಲಾಖೆಯ ರೇಂಜ್ ಕಚೇರಿಗೆ ಹೋಗಿ ಅನುಮತಿ ತಗೊಂಡೆ. ಇದನ್ನು ಯಾರೂ ಬಿಡಬೇಡಿ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾನೂನಿನ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಜೊತೆಗೆ ಚಿಕ್ಕಪ್ಪನ ಮಗ, ಮತ್ತೆ ಸೊಪ್ಪಿಗೆ, ಜೇನಿಗೆ ಅಂತ ಐವತ್ತು ವರ್ಷ ಆ ಗುಡ್ಡ ಸುತ್ತಿದ ಒಬ್ಬ ಹಿರಿಯರು.

ಸುಮ್ನೆ ಅಲೆದರೆ ಏನೂ ಸಿಗುವುದಿಲ್ಲ. ಸರ್ವೆ ಇಲಾಖೆಯ 1:50,000 ನಕ್ಷೆಯಲ್ಲಿ ಎತ್ತರದ ಗೆರೆಗಳು 20 ಮೀಟರಿಗೊಂದು ಇರುತ್ತವೆ. ಗುಡ್ಡದ ಒಂದು ಮೈಯನ್ನು ಆ ಗೆರೆಗಳ ಪ್ರಕಾರ ಪಟ್ಟಿಪಟ್ಟಿಯಾಗಿ ಮಾಡಿಕೊಂಡು, ಒಂದು ಪಟ್ಟಿಯಲ್ಲಿ ಮೂವರೂ ಅಡ್ಡಡ್ಡ ನಡೆದು, ಒಬ್ಬರಿಗೊಬ್ಬರು ಕೂ ಹಾಕುತ್ತಾ, ಕೊನೆ ಮುಟ್ಟಿದ ಮೇಲೆ ಒಂದು ಪಟ್ಟಿ ಮೇಲೆ ಹತ್ತಿ ಮತ್ತೆ ವಾಪಸ್. ಬ್ಲೀಕ್‌ಲೋದಲ್ಲಿ ಮರವೇ ಇಲ್ಲ, ಅರ್ಧ ಕಿಲೋಮೀಟರ್ ದೂರದಿಂದ ತಗಡು ಹೊಳೆಯುವುದು ಕಾಣುತ್ತದೆ. ನಮ್ಮ ಹಳುವಿನಲ್ಲಿ ನಾಲ್ಕು ಮಾರು ಆಚೆ ಆನೆ ನಿಂತರೂ ಗೊತ್ತಾಗಲ್ಲ. ಮೇಲಾಗಿ ಎಂಬತ್ತು ಮಳೆಗಾಲದ ಮಣ್ಣು, ತರಗು. ಹಾಗಾಗಿ ಕಣ್ಣಿಗಿಂತ ಹಳ್ಳಗಳನ್ನು ನಂಬಿದೆವು. ಮೇಲೆ ಬಿದ್ದದ್ದು ಯಾವತ್ತೋ ಒಮ್ಮೆ ಹಳ್ಳಕ್ಕೆ ಇಳಿದೇ ಇಳಿಯುತ್ತದೆ. ಪ್ರತಿ ಹಳ್ಳದ ಕಲ್ಲುಸಂದಿಯನ್ನೂ ನೋಡಿದೆವು.

ಎರಡು ದಿನ. ಸಿಕ್ಕಿದ್ದು ಒಂದು ಮುರಿದ ಅಗಳಿನ (ಹಳೇ ಕಂದಕದ) ಗೋಡೆ, ಕಾಟಿಯ ಹೆಜ್ಜೆ, ಜಂಬಿಟ್ಟಿಗೆ ಕಲ್ಲು. ಮ್ಯಾಗ್ನೆಟ್ಟಿಗೆ ಕೆಂಪು ಮಣ್ಣಿನ ಪುಡಿ ಅಂಟಿದ್ದು ಬಿಟ್ಟರೆ ಬೇರೇನೂ ಇಲ್ಲ. ಜೊತೆಗೆ ಬಂದ ಹಿರಿಯರು ಕಲ್ಲಿನ ಮೇಲೆ ಕೂತು, "ಇಲ್ಲಿ ಕಬ್ಬಿಣ ಬಿದ್ದಿದ್ರೆ ನಮ್ಮ ಊರೋರು ಬಿಡ್ತಿದ್ರಾ? ಕತ್ತಿ ಮಾಡ್ಸಿ ಯಾವ ಕಾಲ ಆಗಿರೋದು" ಅಂದರು. ಸರಿಯೇ.

ಅಜ್ಜಿಗೆ ಹೇಳಲು ಹೋದೆ. ಈ ಸಲ ಪ್ರಶ್ನೆ ಬೇರೆ ಥರ ಕೇಳಿದೆ. ವಿಮಾನ ಎಲ್ಲಿ ಬಿತ್ತು ಅಂತ ಕೇಳಲಿಲ್ಲ. "ಅಜ್ಜಿ, ಅವತ್ತು ನೀವು ಎಲ್ಲಿ ನಿಂತಿದ್ರಿ?" ಅಂದೆ.

ಅಜ್ಜಿ ಕಣ್ಣು ಮುಚ್ಚಿಕೊಂಡರು. ಕೊಟ್ಟಿಗೆಯ ಬಾಗಿಲಲ್ಲಿ, ಕೈಯಲ್ಲಿ ಹಾಲಿನ ಚೊಂಬು, ಎದುರಿಗೆ ಹೊಳೆ, ಹೊಳೆಯ ಆಚೆ ಗುಡ್ಡ, ಗುಡ್ಡದ ಹಿಂದಿನಿಂದ ಬಿಸಿಲು ಬರುತ್ತಿತ್ತು ಅಂದರು. ನಾನು ಎದ್ದು ಹೊರಗೆ ನೋಡಿದೆ. ಈ ಮನೆಯ ಎದುರಿಗೆ ಹೊಳೆ ಇಲ್ಲ. ಇಮಾನದ ಗುಡ್ಡದ ಕಡೆ ಸೂರ್ಯ ಮುಳುಗುತ್ತಾನೆ, ಹುಟ್ಟುವುದಿಲ್ಲ.

ಅವರು ಹೇಳುತ್ತಿದ್ದುದು ತವರಿನ ಮನೆ. ಶರಾವತಿ ಮುಳುಗಡೆಯವರು ಅವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಆ ಹೊಳೆ, ಕೊಟ್ಟಿಗೆ, ಗದ್ದೆ ಎಲ್ಲ ಹೋಯಿತು. ಅಪ್ಪ ಲಾರಿಯಲ್ಲಿ ಪಾತ್ರೆ ಪಗಡಿಯ ಜೊತೆ ಆ ತಗಡನ್ನೂ ಹಾಕಿಕೊಂಡು ಮಗಳ ಊರಿಗೆ ಬಂದರು. ಬಂದಮೇಲೆ ಹೊಸ ಊರಿನ ಮಕ್ಕಳಿಗೆ ಕತೆ ಹೇಳಿದರು, ಮಕ್ಕಳು ಕಣ್ಣೆದುರಿಗಿದ್ದ ಗುಡ್ಡಕ್ಕೆ ಹೆಸರಿಟ್ಟರು. ನಾವು ಮೂವರು ಎರಡು ದಿನ ಹುಡುಕಿದ್ದು ಕತೆ ಬಂದು ನೆಲೆಸಿದ ಗುಡ್ಡದಲ್ಲಿ.

ತಗಡಿನ ವಿಷಯವೂ ಆಮೇಲೆ ಹೊಳೆಯಿತು. ಜೋಗದ ವಿದ್ಯುತ್ ಯೋಜನೆಯ ಕೆಲಸ 1939ರಲ್ಲಿ ಶುರುವಾಗಿ ಯುದ್ಧದ ವರ್ಷಗಳಲ್ಲೂ ನಡೆದು ಮೊದಲ ಹಂತ 1948ರಲ್ಲಿ ಮುಗಿಯಿತು. ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದು ಅದಕ್ಕಾಗಿಯೇ. ದಪ್ಪ ರಿವಿಟ್ಟಿನ ಕಬ್ಬಿಣದ ತಗಡು ಆ ಸೀಮೆಗೆ ಬರಲು ಅದಕ್ಕಿಂತ ಹತ್ತಿರದ ದಾರಿ ನನಗೆ ಕಾಣುವುದಿಲ್ಲ. ಆದರೆ ಬಿಸಿಲಿನ ಎದುರು ಗುಡ್ಡದ ಮೇಲೆ ಏಳೆಂಟು ವರ್ಷದ ಹುಡುಗಿ ಕಂಡದ್ದನ್ನು ಆ ತಗಡು ಸುಳ್ಳು ಮಾಡುವುದಿಲ್ಲ. ಎರಡೂ ಬೇರೆ ಬೇರೆ.

ಅಜ್ಜಿ ಕಂಡ ಆ ಗುಡ್ಡ ಈಗ ಹಿನ್ನೀರಿನ ಆಚೆ ಇದೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ, ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಹಳೇ ರಸ್ತೆ, ಮರದ ಬೊಡ್ಡೆ, ಕೆಲವೊಮ್ಮೆ ಹಿರೇಭಾಸ್ಕರ ಅಣೆಕಟ್ಟೂ ಮೇಲೆ ಕಾಣುತ್ತದೆ. ಹಳೇ ಊರಿನ ಜಾಗ ಸಿಕ್ಕರೆ ಅಜ್ಜಿ ನಿಂತಿದ್ದ ಕಡೆಯಿಂದಲೇ ದಿಕ್ಸೂಚಿ ಹಿಡಿದು ಗುಡ್ಡದ ಗೆರೆ ಎಳೆಯಬಹುದು. ಈ ನಡುವೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ಆನ್‌ಲೈನಿನಲ್ಲಿ ನೋಡುತ್ತಿದ್ದೇನೆ, ಭಾರತದ ಕಡೆ ಹಾರಿ ಸಮಾಧಿಯೇ ಇಲ್ಲದೆ ಕಾಣೆಯಾದ ವೈಮಾನಿಕರ ಹೆಸರುಗಳು ಸಿಂಗಪುರದ ಸ್ಮಾರಕದ ಪಟ್ಟಿಯಲ್ಲಿ ಸಿಗುತ್ತವೆ. ದಿನಕ್ಕೆ ಒಂದಿಷ್ಟು ಹೆಸರು, ಒಂದಿಷ್ಟು ತಾರೀಖು.

ಅನುಮತಿಗೆ ಅರ್ಜಿ ಕೊಟ್ಟಿದ್ದೇನೆ. ದೋಣಿಗೆ ಅಜ್ಜಿಯ ತಮ್ಮನ ಮಗ ಒಪ್ಪಿದ್ದಾರೆ. ಮೇ ಎರಡನೇ ವಾರ ಅಂತ ಮಾತಾಗಿದೆ. ಮೊನ್ನೆ ಹೋದಾಗ ಅಜ್ಜಿ ಕೇಳಿದ್ದು ಒಂದೇ: "ತಮ್ಮಾ, ನನ್ನೂ ದೋಣಿಗೆ ಹತ್ತಿಸ್ಕಂತೀಯಾ? ಕೊಟ್ಟಿಗೆ ಎಲ್ಲಿತ್ತು ಅಂತ ನಾನೇ ತೋರಿಸ್ತೀನಿ."