ತುಂಬಿದ ಲೋಟದ ಫೋಟೋ: ಆಟಿಸಂ ಮಕ್ಕಳಿಗೆ ಯೋಜನೆ ಕಲಿಸಿದ ನನ್ನ ಅನುಭವ

ಆಟಿಸಂ ಇರುವ ಕೆಲವು ಮಕ್ಕಳ ಬಾಯಿಪಾಠದ ಶಕ್ತಿ ಅಸಾಧಾರಣವೆಂದು ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲೇ ಬರೆದಿದ್ದರು. ಮೈಸೂರಿನಲ್ಲಿ ನನ್ನ ಬಳಿ ಬರುವ, ಒಂಬತ್ತರ ಆಸುಪಾಸಿನ ಹುಡುಗನೊಬ್ಬ ಸಿಟಿ ಬಸ್ಸುಗಳ ನಂಬರು, ಮಾರ್ಗಗಳನ್ನೆಲ್ಲ ತಡೆಯಿಲ್ಲದೆ ಹೇಳುತ್ತಿದ್ದ. ನಿಂಬೆ ಶರಬತ್ತು ಮಾಡು ಎಂದರೆ ಮಾತ್ರ ಖಾಲಿ ಲೋಟ ಹಿಡಿದು ನಿಂತುಬಿಡುತ್ತಿದ್ದ; ಏನೇನು ಬೇಕು, ಯಾವುದು ಮೊದಲು ಎಂದು ಯೋಜಿಸಲು ಬರುತ್ತಿರಲಿಲ್ಲ. ಇಷ್ಟು ನೆನಪಿರುವವನಿಗೆ ಹೇಳಿಕೊಡುತ್ತಾ ಹೋದರೆ ಸಾಕು, ಬೇರೆ ವಿಧಾನ ಬೇಡವೆಂಬುದು ಸಹೋದ್ಯೋಗಿಗಳ ವಾದವಾಗಿತ್ತು.

ಮೊದಲು ಶರಬತ್ತು ಮಾಡುವ ಹಂತಗಳನ್ನು ಚಿತ್ರಗಳಲ್ಲಿ ತೋರಿಸಿ ನೋಡಿದೆ. ಕಲರ್ ಪ್ರಿಂಟ್, ಲ್ಯಾಮಿನೇಷನ್, ವೆಲ್ಕ್ರೋಗೆಂದು ಎರಡು ಸಾವಿರ, ಟ್ಯಾಬಿಗೆ ಏಳೆಂಟು ಸಾವಿರ ಖರ್ಚಾಯಿತು. ಟ್ಯಾಬಿನಲ್ಲಿ ಅವನು ಚಿತ್ರಗಳನ್ನು ಸರಿಸುತ್ತಾ ಕೂರುತ್ತಿದ್ದನೇ ಹೊರತು ಅಡುಗೆಮನೆಯ ಕಡೆ ತಿರುಗುತ್ತಿರಲಿಲ್ಲ. ಪ್ರಿಂಟ್ ಮಾಡಿದ ಎಂಟು ಚಿತ್ರಗಳ ಪಟ್ಟಿಯನ್ನು ಚೆನ್ನಾಗಿಯೇ ಅನುಸರಿಸಿದ. ಆದರೆ ನಿಂಬೆಹಣ್ಣು ಮೇಜಿನ ಮೇಲಿಲ್ಲದ ದಿನ ಆ ಚಿತ್ರದ ಬಳಿಯೇ ನಿಂತ. ಪಟ್ಟಿ ಅವನಿಗೆ ಇನ್ನೊಂದು ಬಾಯಿಪಾಠವಾಗಿತ್ತು.

ಆಮೇಲೆ ಪಟ್ಟಿಯನ್ನೇ ತೆಗೆದೆ. ಅವನದೇ ಸ್ಟೀಲ್ ಲೋಟದಲ್ಲಿ ತುಂಬಿದ ಶರಬತ್ತಿನ ಒಂದೇ ಫೋಟೋ, ಪಕ್ಕದಲ್ಲಿ ಖಾಲಿ ತಟ್ಟೆ. ತಟ್ಟೆಯ ಮೇಲೆ ಚಾಕು, ಜರಡಿ, ಸಕ್ಕರೆ ಡಬ್ಬಿ, ಚಮಚಗಳ ಆಕಾರವನ್ನು ಮಾರ್ಕರ್‌ನಲ್ಲಿ ಬರೆದಿದ್ದೆ. ಎಲ್ಲವೂ ಬಂದು ಕೂರುವವರೆಗೆ ಹಣ್ಣು ಕತ್ತರಿಸುವಂತಿರಲಿಲ್ಲ. ಮನೆಯವರು ಸೂಚನೆ ಕೊಡದೆ ಫೋಟೋ ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸಬೇಕಿತ್ತು. ಈ ಮೌನವೇ ಎಲ್ಲರಿಗೂ ಅತಿ ಕಷ್ಟವಾಯಿತು. ದಿನ ಕಳೆದಂತೆ ಆಕಾರಗಳನ್ನು ಒಂದೊಂದಾಗಿ ಅಳಿಸಿದೆ; ಯಾವ ಕ್ರಮದಲ್ಲಿ ಎಂಬುದನ್ನು ಬಂದು ನೋಡುವವರಿಗೆ ಮಾತ್ರ ತೋರಿಸುತ್ತೇನೆ, ಏಕೆಂದರೆ ಈ ವಿಧಾನದ ಜೀವಾಳ ಅದೇ.

ಈ ನಡುವೆ ಬಡಗಿಯಿಂದ ನಾನೂರು ರೂಪಾಯಿಗೆ ಮಣಿ–ಗೂಟಗಳ ಹಲಗೆಯೊಂದನ್ನೂ ಮಾಡಿಸಿದ್ದೆ; ನರಮನೋವಿಜ್ಞಾನಿ ಟಿಮ್ ಶಾಲಿಸ್ 1982ರಲ್ಲಿ ಪ್ರಕಟಿಸಿದ, ಯೋಜಿಸುವ ಶಕ್ತಿಯನ್ನು ಅಳೆಯುವ ‘ಟವರ್ ಆಫ್ ಲಂಡನ್’ ಪರೀಕ್ಷೆಯ ಮಾದರಿಯದು. ಹಲಗೆಯ ಮೇಲೆ ಚುರುಕಾದನಾದರೂ ಅಡುಗೆಮನೆಯಲ್ಲಿ ಅದರ ಗುರುತೇ ಕಾಣಲಿಲ್ಲವಾದ್ದರಿಂದ ಕೈಬಿಟ್ಟೆ.

ಸುಮಾರು ಮೂರು ತಿಂಗಳ ನಂತರ ಸಕ್ಕರೆ ಡಬ್ಬಿಯನ್ನು ಬೇಕೆಂದೇ ಖಾಲಿ ಇರಿಸಿದೆವು. ಮೊದಮೊದಲು ಕೈ ಕಚ್ಚಿಕೊಂಡ. ‘ಇಲ್ಲ, ಕೇಳು’ ಎಂಬ ಕಾರ್ಡನ್ನು ಮುಚ್ಚಳದ ಒಳಗೆ ಅಂಟಿಸಿದೆ. ಕೆಲವು ವಾರಗಳಲ್ಲಿ ಮುಚ್ಚಳ ತೆಗೆದು ನೋಡಿ, ತಾಯಿಯ ಬಳಿ ಹೋಗಿ, “ಅಮ್ಮಾ, ಸಕ್ಕರೆ ಖಾಲಿ, ಅಂಗಡಿ” ಎಂದ. ಚೀಲವನ್ನೂ ತಾನೇ ತಂದಿದ್ದ. ಸಂದೇಹಪಟ್ಟಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ಈಗ ನನ್ನಿಂದ ತಟ್ಟೆಯ ಅಳತೆ ಕೇಳಿ ಪಡೆದಿದ್ದಾರೆ.

ಈಗ ಐದಾರು ಮಕ್ಕಳಿಗೆ ಇದನ್ನೇ ಮಾಡಿಸುತ್ತಿದ್ದೇನೆ. ಫೋಟೋವನ್ನು ವಸ್ತುವಿಗೆ ಹೊಂದಿಸಲು ಇನ್ನೂ ಬಾರದ ಮಗುವಿಗೆ ಫೋಟೋ ಬೇಡ. ಮಾಡಿಟ್ಟ ಶರಬತ್ತಿನ ಲೋಟವನ್ನೇ ಎದುರಿಗಿಡಿ.