ಯುಪಿಎಸ್ ಬ್ಯಾಟರಿಗೆ ನೀರು ಹಾಕಿದ್ದು ಯಾವಾಗ?

ಮಳೆಗಾಲ ಹತ್ತಿರ ಬಂದರೆ ಮಲೆನಾಡಿನ ಮನೆಗಳಲ್ಲಿ ಸೌದೆ ಒಳಗೆ ಸೇರುತ್ತದೆ, ಒಡೆದ ಹಂಚು ಬದಲಾಗುತ್ತದೆ. ಯುಪಿಎಸ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಬೆಂಗಳೂರಿನಲ್ಲೂ ಅಷ್ಟೇ. ಏಪ್ರಿಲ್‌ನ ಮೊದಲ ಗಾಳಿಮಳೆಗೆ ಕೊಂಬೆ ಮುರಿದು ತಂತಿ ಮೇಲೆ ಬಿದ್ದ ರಾತ್ರಿಯೇ ಮೆಟ್ಟಿಲ ಕೆಳಗಿನ ಆ ಡಬ್ಬದ ಕಡೆ ಕಣ್ಣು ಹೋಗುವುದು. ಹತ್ತು ನಿಮಿಷ ಫ್ಯಾನ್ ತಿರುಗಿಸಿ ಅದು ಬೀಪ್ ಬೀಪ್ ಎಂದು ಆರಿಹೋದರೆ, 'ಬ್ಯಾಟರಿ ಹೋಯ್ತು, ಹೊಸದು ತರಬೇಕು' ಎಂದು ತೀರ್ಮಾನ ಮಾಡಿಬಿಡುತ್ತೇವೆ.

ಹೊಸ ಬ್ಯಾಟರಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ಬೇಕು. ಎಷ್ಟೋ ಮನೆಗಳಲ್ಲಿ ಈ ಖರ್ಚು ಎರಡು-ಮೂರು ವರ್ಷ ಮುಂಚೆಯೇ ಬರುವುದಕ್ಕೆ ಕಾರಣ ಒಂದೇ, ಒಳಗೆ ನೀರು ಒಣಗಿದ್ದು ಯಾರೂ ನೋಡಿರುವುದಿಲ್ಲ. ಇದನ್ನು ನೋಡಿಕೊಳ್ಳುವುದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು.

ನೀರು ಹೋಗುವುದೆಲ್ಲಿಗೆ?

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. 12 ವೋಲ್ಟ್ ಬ್ಯಾಟರಿಯೊಳಗೆ 6 ಕೋಣೆಗಳಿರುತ್ತವೆ, ಒಂದೊಂದೂ ಸುಮಾರು 2 ವೋಲ್ಟ್ ಕೊಡುತ್ತದೆ. ಪ್ರತಿ ಕೋಣೆಯಲ್ಲಿ ಸೀಸದ ಪ್ಲೇಟುಗಳು, ಅವು ಮುಳುಗುವಷ್ಟು ನೀರು ಬೆರೆಸಿದ ಗಂಧಕಾಮ್ಲ. ಫ್ರಾನ್ಸ್‌ನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ಬ್ಯಾಟರಿಯ ಮೂಲ ತತ್ವವೇ ಇಂದಿಗೂ ನಮ್ಮ ಮನೆಯ ಬ್ಯಾಟರಿಯಲ್ಲಿದೆ.

ಚಾರ್ಜ್ ಆಗುವಾಗ ಒಂದಿಷ್ಟು ನೀರು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಹೊರಗೆ ಹೋಗುತ್ತದೆ. ಆಸಿಡ್ ಎಲ್ಲೂ ಹೋಗುವುದಿಲ್ಲ. ಹಾಗಾಗಿ ತುಂಬಬೇಕಾದದ್ದು ನೀರು ಮಾತ್ರ. 'ಪವರ್ ಕಡಿಮೆ ಆಗಿದೆ, ಸ್ವಲ್ಪ ಆಸಿಡ್ ಹಾಕಿಬಿಡ್ತೀನಿ' ಎಂದು ಯಾರಾದರೂ ಹೇಳಿದರೆ ಖಂಡಿತ ಬೇಡ ಅನ್ನಿ. ಆಸಿಡ್ ಗಾಢವಾದಷ್ಟೂ ಪ್ಲೇಟು ಬೇಗ ತಿಂದುಹೋಗುತ್ತದೆ. ನೀರು ಕಡಿಮೆಯಾಗಿ ಪ್ಲೇಟಿನ ಮೇಲ್ಭಾಗ ಗಾಳಿಗೆ ತೆರೆದುಕೊಂಡರೆ, ಆ ಭಾಗ ಮತ್ತೆ ಮೊದಲಿನಂತೆ ಕೆಲಸ ಮಾಡುವುದಿಲ್ಲ.

ನಿಮ್ಮ ಬ್ಯಾಟರಿಯ ಮೇಲೆ 6 ಮುಚ್ಚಳಗಳಿದ್ದರೆ ಈ ಲೇಖನ ನಿಮಗೇ. ಟ್ಯೂಬ್ಯುಲರ್ (ಕೊಳವೆ ಆಕಾರದ ಪ್ಲೇಟುಗಳಿರುವ) ಬ್ಯಾಟರಿಗಳೆಲ್ಲ ಬಹುತೇಕ ಹೀಗೆಯೇ ಇರುತ್ತವೆ. ಮುಚ್ಚಳವೇ ಇಲ್ಲದ ಸೀಲ್ಡ್ ಬ್ಯಾಟರಿಯನ್ನು ಬಿಚ್ಚುವ ಪ್ರಯತ್ನ ಮಾಡಬೇಡಿ.

ಮೊದಲು ಆಫ್ ಮಾಡಿ

ಯುಪಿಎಸ್ ಮುಂದಿನ ಸ್ವಿಚ್ ಆಫ್ ಮಾಡಿ. ಆಮೇಲೆ ಅದಕ್ಕೆ ಕರೆಂಟ್ ಬರುವ ಪ್ಲಗ್ ಕಿತ್ತಿಡಿ. ಎರಡೂ ಆಗಬೇಕು. ಉಂಗುರ, ಬಳೆ, ವಾಚು ತೆಗೆದಿಡಿ. ಬ್ಯಾಟರಿ 12 ವೋಲ್ಟ್ ತಾನೇ ಎಂದು ಅಸಡ್ಡೆ ಬೇಡ. ಶಾಕ್ ಹೊಡೆಯದೇ ಇರಬಹುದು, ಆದರೆ ಬಳೆಯೋ ಸ್ಪ್ಯಾನರೋ ಎರಡು ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ಕಬ್ಬಿಣ ಕೆಂಪಾಗುತ್ತದೆ. ಕನ್ನಡಕ ಹಾಕಿಕೊಳ್ಳಿ, ರಬ್ಬರ್ ಗ್ಲೌಸ್ ಇದ್ದರೆ ಒಳ್ಳೆಯದು. ಹಳೆ ಬಟ್ಟೆಯೇ ಇರಲಿ, ಆಸಿಡ್ ಹನಿ ಬಿದ್ದರೆ ತೂತಾಗುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಚರ್ಮಕ್ಕೆ ಆಸಿಡ್ ತಾಗಿದರೆ ಧಾರಾಳವಾಗಿ ನೀರು ಸುರಿದು ತೊಳೆಯಿರಿ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಬಿಡದೆ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಮಕ್ಕಳು ಆಚೆ ಇರಲಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮೀಟರ್ ಹತ್ತಿರದ ಮೇನ್ ಆಫ್ ಮಾಡಿ ಫ್ಯಾನ್ ರಿಪೇರಿಗೆ ಏಣಿ ಹತ್ತುವವರಿದ್ದಾರೆ. ಮನೆಯಲ್ಲಿ ಯುಪಿಎಸ್ ಇದ್ದರೆ, ಮೇನ್ ಆಫ್ ಆದ ತಕ್ಷಣ ಅದು ಕರೆಂಟ್ ಹೋಯಿತು ಎಂದುಕೊಂಡು ತನ್ನ ಲೈನಿಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಆ ಲೈನಿನ ಫ್ಯಾನು, ಬಲ್ಬು, ಸಾಕೆಟ್ಟು ಎಲ್ಲದರಲ್ಲೂ ಕರೆಂಟ್ ಇರುತ್ತದೆ. ಇದು ಜೀವ ತೆಗೆಯುವ ವಿಷಯ. ಮನೆಗೆ ಬರುವ ಎಲೆಕ್ಟ್ರಿಷಿಯನ್‌ಗೂ ಮೊದಲೇ ಹೇಳಿ, 'ಯುಪಿಎಸ್ ಇದೆ, ಅದನ್ನೂ ಆಫ್ ಮಾಡಿ' ಎಂದು.

ನೀರು ಹಾಕುವುದು

ಬ್ಯಾಟರಿ ಅಂಗಡಿಯಲ್ಲಿ, ಕೆಲವು ಪೆಟ್ರೋಲ್ ಬಂಕ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸಿಗುತ್ತದೆ. ಅದನ್ನೇ ತನ್ನಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ನಮ್ಮ ಕಡೆಯ ಗಡಸು ನೀರಿನ ಬಿಳಿ ಕರೆ ನಲ್ಲಿಯ ಮೇಲೆ ಹೇಗೆ ಕೂರುತ್ತದೆ ನೋಡಿದ್ದೀರಲ್ಲ, ಆ ಲವಣಗಳೆಲ್ಲ ಬ್ಯಾಟರಿಯೊಳಗೆ ಉಳಿದು ಪ್ಲೇಟುಗಳನ್ನು ಹಾಳು ಮಾಡುತ್ತವೆ. ಕುದಿಸಿ ಆರಿಸಿದರೂ ಲವಣ ಹೋಗುವುದಿಲ್ಲ. ಅಡುಗೆಮನೆಯ ಆರ್‌ಒ ನೀರು ಸಾಲದೇ ಎಂದು ತುಂಬಾ ಜನ ಕೇಳುತ್ತಾರೆ. ಸಾಲದು. ಕುಡಿಯುವುದಕ್ಕೆ ಒಳ್ಳೆಯದೇ, ಆದರೆ ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಾಟಲಿಗೆ ಹಿಡಿದಿಟ್ಟು ಹಾಕುವವರೂ ಇದ್ದಾರೆ. ಅದು ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ, ಧೂಳು ಎಲ್ಲವನ್ನೂ ಸವರಿಕೊಂಡು ಬಂದ ನೀರು. ಕ್ಯಾನ್ ನೀರಿಗೆ ಖರ್ಚು ಮಾಡುವ ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಬ್ಯಾಟರಿ ಕೆಡಿಸಿಕೊಳ್ಳುವುದು ಬೇಡ ಅಲ್ವಾ.

ಮುಚ್ಚಳದ ಮಧ್ಯೆ ಒಂದು ಕಡ್ಡಿ ಎದ್ದಿರುತ್ತದೆ. ಅದು ಫ್ಲೋಟ್. ಅದರಲ್ಲಿ ಸಾಮಾನ್ಯವಾಗಿ ಹಸಿರು ಮತ್ತು ಕೆಂಪು ಗುರುತು ಇರುತ್ತದೆ. ಕಡ್ಡಿ ಕೆಳಗಿಳಿದು ಕೆಂಪಿಗೆ ಬಂದಿದ್ದರೆ ನೀರು ಬೇಕು. ಕೆಲವೊಮ್ಮೆ ಕಡ್ಡಿ ಧೂಳಿಗೆ ಅಂಟಿಕೊಂಡು ಮೇಲೆಯೇ ನಿಂತು ಸುಳ್ಳು ಹೇಳುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ, ತೇಲಿ ಮೇಲೆ ಬರಬೇಕು. ಅನುಮಾನ ಬಂದರೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಬೆಂಕಿಕಡ್ಡಿ, ಲೈಟರ್ ಹತ್ತಿರಕ್ಕೂ ಬರಬಾರದು.

ಮುಚ್ಚಳ ತೆಗೆಯುವ ಮೊದಲು ಬ್ಯಾಟರಿಯ ಮೇಲಿನ ಧೂಳು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಕಸ ಒಳಗೆ ಬೀಳುತ್ತದೆ. ಪ್ಲಾಸ್ಟಿಕ್ ಆಲಿಕೆ ಇಟ್ಟು ಸ್ವಲ್ಪಸ್ವಲ್ಪವೇ ಸುರಿಯಿರಿ. ಒಂದೊಂದು ಕೋಣೆಗೂ ಪ್ರತ್ಯೇಕವಾಗಿ ನೋಡಬೇಕು, ಒಂದಕ್ಕೆ ಹಾಕಿದ ನೀರು ಇನ್ನೊಂದಕ್ಕೆ ಹೋಗುವುದಿಲ್ಲ. ಕಡ್ಡಿ ಹಸಿರು ಗುರುತಿಗೆ ಬಂದ ತಕ್ಷಣ ನಿಲ್ಲಿಸಿ. ಇರಲಿ ಎಂದು ಇನ್ನಷ್ಟು ತುಂಬಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಹೊರಗೆ ಬರುತ್ತದೆ, ಟರ್ಮಿನಲ್ ಕೊರೆಯುತ್ತದೆ, ನೆಲದ ಟೈಲ್ಸ್ ಕೂಡ ಹಾಳು.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ ನೀರು ಹಾಕುವುದು ಸರಿಯಾದ ಕ್ರಮ. ಚಾರ್ಜ್ ಆದಂತೆ ಒಳಗಿನ ಮಟ್ಟ ಸ್ವಲ್ಪ ಏರುತ್ತದೆ. ಖಾಲಿ ಬ್ಯಾಟರಿಗೆ ಗುರುತಿನವರೆಗೆ ತುಂಬಿದರೆ ಆಮೇಲೆ ಉಕ್ಕುತ್ತದೆ. ಪ್ಲೇಟೇ ಕಾಣುವಷ್ಟು ಒಣಗಿದ್ದರೆ ಮಾತ್ರ, ಪ್ಲೇಟು ಮುಳುಗುವಷ್ಟು ಹಾಕಿ, ಚಾರ್ಜ್ ಮಾಡಿ, ಆಮೇಲೆ ಉಳಿದದ್ದು ತುಂಬಿ.

ಎಷ್ಟು ದಿನಕ್ಕೊಮ್ಮೆ? ಎರಡು-ಮೂರು ತಿಂಗಳಿಗೊಮ್ಮೆ ನೋಡಿ. ಬೇಸಿಗೆಯಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯಾದರೆ ತಿಂಗಳಿಗೊಮ್ಮೆ. ಮೊಬೈಲಿನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. ನೀರು ಹಾಕಿದ ತಾರೀಖನ್ನು ಬ್ಯಾಟರಿ ಮೇಲೆ ಟೇಪ್ ಅಂಟಿಸಿ ಬರೆಯುವ ಅಭ್ಯಾಸ ನನಗೆ ತುಂಬಾ ಇಷ್ಟ. ಮನೆಯಲ್ಲಿ ಯಾರು ಬೇಕಾದರೂ ನೋಡಿ ತಿಳಿದುಕೊಳ್ಳಬಹುದು. ಆರರಲ್ಲಿ ಒಂದೇ ಕೋಣೆ ಪ್ರತಿ ಸಲವೂ ಉಳಿದವಕ್ಕಿಂತ ಜಾಸ್ತಿ ನೀರು ಕುಡಿಯುತ್ತಿದ್ದರೆ ಆ ಕೋಣೆ ಕೆಡುತ್ತಿದೆ ಎಂದು ಅರ್ಥ. ವಾರಂಟಿ ಇದ್ದರೆ ಆಗಲೇ ಅಂಗಡಿಗೆ ಹೇಳಿ.

ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿ

ಈ ಪುಡಿ ಇದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಬ್ಯಾಟರಿ ಸರಿ ಇದ್ದರೂ ಬೇಗ ಖಾಲಿಯಾದಂತೆ ಕಾಣುತ್ತದೆ. ಮೊದಲು 6 ಮುಚ್ಚಳಗಳೂ ಗಟ್ಟಿಯಾಗಿ ಮುಚ್ಚಿವೆಯೇ ನೋಡಿ. ಕಪ್ಪು ವೈರ್, ಅಂದರೆ ನೆಗೆಟಿವ್, ಮೊದಲು ಬಿಚ್ಚಿ. ಆಮೇಲೆ ಕೆಂಪು. ನೀರಿಗೆ ಅಡುಗೆ ಸೋಡಾ ಕಲಸಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ನೊರೆ ಬಂದು ಪುಡಿ ಕರಗುತ್ತದೆ. ಸೋಡಾ ನೀರು ಒಳಗೆ ಹೋದರೆ ಆಸಿಡ್‌ನ ಶಕ್ತಿಯೇ ಹೋಗುತ್ತದೆ, ಮುಚ್ಚಳದ ಮಾತು ಹೇಳಿದ್ದು ಅದಕ್ಕೇ. ಒಣಗಿಸಿ, ಈ ಸಲ ಕೆಂಪು ಮೊದಲು, ಕಪ್ಪು ಕೊನೆಗೆ ಸೇರಿಸಿ ಬಿಗಿ ಮಾಡಿ. ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಗ್ರೀಸ್ ಬೇಡ.

ಎಲ್ಲಿಡಬೇಕು

ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4ರಷ್ಟು ಸೇರಿದರೆ ಕಿಡಿ ತಾಗಿ ಸಿಡಿಯಬಲ್ಲದು. ದೇವರ ಮನೆ, ಗ್ಯಾಸ್ ಒಲೆ ಇರುವ ಅಡುಗೆಮನೆ, ಬಾಗಿಲು ಮುಚ್ಚಿದ ಕಪಾಟು, ಮಲಗುವ ಕೋಣೆ ಇವ್ಯಾವುವೂ ಅದಕ್ಕೆ ಜಾಗವಲ್ಲ. ಚೆಂದ ಕಾಣಲಿ ಎಂದು ಮರದ ಪೆಟ್ಟಿಗೆ ಮಾಡಿಸಿ ಮುಚ್ಚುವುದು ನನಗಂತೂ ಸರಿ ಕಾಣುವುದಿಲ್ಲ. ಗಾಳಿ ಆಡುವ, ಬಿಸಿಲು ಬೀಳದ, ಬಗ್ಗಿ ನೀರು ಹಾಕಲು ಕೈ ಹೋಗುವ ಜಾಗ ಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾದರೆ, ಪಕ್ಕ ಉಬ್ಬಿದರೆ, ಯುಪಿಎಸ್‌ಗೆ ಬರುವ ಕರೆಂಟ್ ನಿಲ್ಲಿಸಿ ಕಿಟಕಿ ತೆಗೆದು ಮೆಕ್ಯಾನಿಕ್ ಕರೆಸಿ. ಅದು ನೀವೇ ಕೈ ಹಾಕುವ ಕೆಲಸವಲ್ಲ.

ಎಷ್ಟು ಹೊತ್ತು ಬರಬೇಕು? ಲೆಕ್ಕ ಹಾಕಿ

ಬ್ಯಾಟರಿ ಕೆಟ್ಟಿದೆ ಎಂದು ಹೇಳುವ ಮೊದಲು ಈ ಲೆಕ್ಕ ಮಾಡಿ. ಬ್ಯಾಟರಿಯ ಮೇಲೆ ಬರೆದ ಎಎಚ್ ಅಂದರೆ ಆಂಪಿಯರ್-ಅವರ್, ಅದರ ಸಾಮರ್ಥ್ಯದ ಅಳತೆ. 150 ಎಎಚ್ ಬ್ಯಾಟರಿಯಲ್ಲಿ 150 ಗುಣಿಸು 12, ಅಂದರೆ ಹೇಳಿಕೆಗೆ 1800 ವ್ಯಾಟ್-ಅವರ್ ಇದೆ. ಆದರೆ ಈ ಎಎಚ್ ಲೆಕ್ಕ ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನದು. ಬೇಗ ಬೇಗ ಎಳೆದರೆ ಅಷ್ಟು ಸಿಗುವುದಿಲ್ಲ, ಯುಪಿಎಸ್ (ಇನ್ವರ್ಟರ್) ಕೂಡ ಒಂದಿಷ್ಟು ತಿನ್ನುತ್ತದೆ. ಕೈಗೆ 1300 ಸಿಗುತ್ತದೆ ಎಂದಿಟ್ಟುಕೊಳ್ಳಿ.

ಎರಡು ಹಳೆಯ ಸೀಲಿಂಗ್ ಫ್ಯಾನ್, ತಲಾ 75 ವ್ಯಾಟ್. ನಾಲ್ಕು ಎಲ್‌ಇಡಿ ಬಲ್ಬ್, ತಲಾ 9. ವೈಫೈ ರೂಟರ್ 10, ಟಿವಿ 80. ಒಟ್ಟು 276 ವ್ಯಾಟ್. 1300 ಭಾಗಿಸು 276, ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು ಗಂಟೆ. ಈಗ ಆ ಎರಡು ಫ್ಯಾನ್ ತೆಗೆದು ತಲಾ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನದು) ಹಾಕಿ. ಒಟ್ಟು 186ಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ 7 ಗಂಟೆ ಬರುತ್ತದೆ. ಟಿವಿಯನ್ನೂ ಆಫ್ ಮಾಡಿದರೆ ಇಡೀ ರಾತ್ರಿ ಕಳೆಯಬಹುದು. 'ಇನ್ನೂ ದೊಡ್ಡ ಬ್ಯಾಟರಿ ತಗೊಳ್ಳಿ' ಎಂದು ಅಂಗಡಿಯವರು ಹೇಳಿದಾಗ ಮೊದಲು ಫ್ಯಾನ್ ಬದಲಿಸಿ ಎಂದೇ ನಾನು ಹೇಳುತ್ತೇನೆ. ದಿನವೂ ಕರೆಂಟ್ ಬಿಲ್ ಕೂಡ ಉಳಿಯುತ್ತದೆ.

ಮಲೆನಾಡಿನವರಿಗೆ ಇದು ಇನ್ನೂ ಮುಖ್ಯ. ಪೂರ್ತಿ ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು. ಜುಲೈ ತಿಂಗಳಲ್ಲಿ ಕರೆಂಟ್ ಎರಡು ಗಂಟೆ ಬಂದು ಮತ್ತೆ ಹೋದರೆ ಬ್ಯಾಟರಿ ಎಂದೂ ತುಂಬುವುದೇ ಇಲ್ಲ. ಹೀಗೆ ಅರೆಹೊಟ್ಟೆಯಲ್ಲೇ ವಾರಗಟ್ಟಲೆ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಪದರ ಕಟ್ಟುತ್ತದೆ. ಅಂಥ ದಿನಗಳಲ್ಲಿ ಎರಡು ಬಲ್ಬು, ಒಂದು ಫ್ಯಾನು, ಮೊಬೈಲ್ ಚಾರ್ಜು ಇಷ್ಟಕ್ಕೆ ನಿಲ್ಲಿಸಿ.

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು ಯುಪಿಎಸ್ ಲೈನಿನಲ್ಲಿ ಇರಬಾರದು. ಮನೆಯಲ್ಲಿ ಹಿರಿಯರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ ಅದರ ಮೇಲೆ ಬರೆದ ವ್ಯಾಟ್ ನೋಡಿ. 300 ವ್ಯಾಟ್ ಆಸುಪಾಸು ಎಳೆಯುವ ಯಂತ್ರವಾದರೆ ಅದೊಂದನ್ನೇ ಓಡಿಸಿದರೂ ಬ್ಯಾಟರಿ ನಾಲ್ಕು ಗಂಟೆ ಮಾತ್ರ ಬರುತ್ತದೆ. ಕರೆಂಟ್ ಹೋದಾಗ ಬೇರೆಲ್ಲ ಆಫ್ ಆಗಬೇಕು ಎಂಬುದನ್ನು ಮನೆಯವರಿಗೆಲ್ಲ ಹೇಳಿಡಿ. ಆಕ್ಸಿಜನ್ ಸಿಲಿಂಡರ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಲೆಕ್ಕಕ್ಕೂ ನಿಜಕ್ಕೂ ತುಂಬಾ ವ್ಯತ್ಯಾಸ ಬಂದರೆ ಮಲ್ಟಿಮೀಟರ್ ಹಿಡಿದು ನೋಡಿ. ಪೂರ್ತಿ ಚಾರ್ಜ್ ಮಾಡಿ, ಎಲ್ಲ ಆಫ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟ ಮೇಲೆ 12.6 ವೋಲ್ಟ್ ಹತ್ತಿರ ಇರಬೇಕು. 12.2 ಎಂದರೆ ಅರ್ಧ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಒಂದು ಕೋಣೆ ಸತ್ತಿರುವ ಸಾಧ್ಯತೆ ಜಾಸ್ತಿ.

ಕರೆಂಟೇ ಹೋಗದ ಊರಲ್ಲಿ

ಅಲ್ಲಿ ತಿಂಗಳಿಗೊಮ್ಮೆ ಯುಪಿಎಸ್ ಪ್ಲಗ್ ಕಿತ್ತು ಒಂದೆರಡು ಗಂಟೆ ಬ್ಯಾಟರಿಯಲ್ಲೇ ಮನೆ ನಡೆಸಿ. ಕೆಟ್ಟಿದ್ದರೆ ಆಗಲೇ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಊರಿಗೆ ಹೋಗುವವರು ನೀರು ತುಂಬಿ, ಪೂರ್ತಿ ಚಾರ್ಜ್ ಮಾಡಿ ಹೋಗಿ. ಖಾಲಿ ಬ್ಯಾಟರಿ ಬಿಟ್ಟುಹೋದರೆ ಬರುವಷ್ಟರಲ್ಲಿ ಕೆಟ್ಟಿರುತ್ತದೆ.

ಹೊಸದು ತರಲೇಬೇಕಾದರೆ

ವಾರಂಟಿ 36+24 ಎಂದು ಬರೆದಿದ್ದರೆ ಮೊದಲ 36 ತಿಂಗಳು ಮಾತ್ರ ಉಚಿತ ಬದಲಾವಣೆ. ಉಳಿದ 24ರಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಅಷ್ಟೇ. '60 ತಿಂಗಳ ವಾರಂಟಿ' ಎಂಬ ಮಾತನ್ನು ಬಿಡಿಸಿ ಕೇಳಿ, ಕಾರ್ಡಿನ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳಿ. ಎರಡು ಬ್ಯಾಟರಿ ಜೋಡಿಸಿದ ಯುಪಿಎಸ್ ಆದರೆ ಒಂದು ಹಳೆಯದು ಒಂದು ಹೊಸದು ಬೆರೆಸಬೇಡಿ, ಹಳೆಯದು ಹೊಸದನ್ನೂ ಕೆಡಿಸುತ್ತದೆ. ಈಗ ಲಿಥಿಯಂ ಬ್ಯಾಟರಿಯೂ ಬಂದಿದೆ. ನೀರಿನ ಗೋಳಿಲ್ಲ, ಹಗುರ, ಬೇಗ ಚಾರ್ಜ್ ಆಗುತ್ತದೆ, ಬೆಲೆ ಮಾತ್ರ ಜಾಸ್ತಿ. ವಯಸ್ಸಾದವರಿಬ್ಬರೇ ಇರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಹಳೆ ಇನ್ವರ್ಟರ್ ಅದನ್ನು ಚಾರ್ಜ್ ಮಾಡಲು ಹೊಂದುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಹಳೆ ಬ್ಯಾಟರಿಯನ್ನು ತಳ್ಳುಗಾಡಿಯ ಗುಜರಿಯವರಿಗೆ ಕೊಡಬೇಡಿ. ಎಲ್ಲೋ ಶೆಡ್ಡಿನಲ್ಲಿ ಅದನ್ನು ಒಡೆದು, ಆಸಿಡ್ ಮೋರಿಗೆ ಸುರಿದು, ಸೀಸ ಕರಗಿಸುತ್ತಾರೆ. ಆ ಹೊಗೆ ಕುಡಿಯುವ ಮಕ್ಕಳ ಮಿದುಳಿಗೆ ಆಗುವ ಹಾನಿ ವಾಪಸ್ ಸರಿಯಾಗುವಂಥದ್ದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮೇಲಿದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಎಕ್ಸ್‌ಚೇಂಜ್ ಕೇಳಿ. 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ 50 ಕಿಲೋಗೂ ಜಾಸ್ತಿ ತೂಗುತ್ತದೆ, ಅದರಲ್ಲಿ ಬಹುಪಾಲು ಸೀಸ, ಅದಕ್ಕೆ ಒಳ್ಳೆಯ ಬೆಲೆ ಇದೆ. ಎರಡು-ಮೂರು ಅಂಗಡಿಯಲ್ಲಿ ವಿಚಾರಿಸಿ, ಎಕ್ಸ್‌ಚೇಂಜ್‌ಗೆ ಕಳೆದ ಮೊತ್ತವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ.