ಗಾಡಿಗೆ ಕಟ್ಟುವ ಮೊದಲು ಮೇಜಿನ ಮೇಲೆ ಅಳೆಯಿರಿ: ಮನೆಯಲ್ಲೇ ಹೈಡ್ರೋಜನ್ ಸೆಲ್

‘ನೀರಿನ ಗ್ಯಾಸು ಸೇರಿಸಿದರೆ ಮೈಲೇಜು ಏರುತ್ತದಂತೆ, ನನ್ನ ಗಾಡಿಗೂ ಒಂದು ಕಟ್ಟಿಕೊಡಿ’ ಎಂದು ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾ ವರ್ಕ್‌ಶಾಪಿಗೆ ಬರುವವರು ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಕಡಿಮೆಯೇನಿಲ್ಲ. ಸ್ವತಃ ಕಟ್ಟಿಕೊಳ್ಳುವ ಹುಡುಗರೂ ಇದ್ದಾರೆ. ಅವರ ಕೈಕೆಲಸದಲ್ಲಿ ಕುಂದಿಲ್ಲ, ತಪ್ಪುವುದು ಕ್ರಮ. ಮೊದಲು ಬಾನೆಟ್ಟಿನೊಳಗೆ ಜಾಗ ಹುಡುಕುತ್ತಾರೆ, ಆಮೇಲೆ ಪೈಪಿಗೆ ತೂತು ಕೊರೆಯುತ್ತಾರೆ, ಅಳತೆಯ ಸರದಿ ಕೊನೆಗೂ ಬರುವುದಿಲ್ಲ. ಈ ಲೇಖನದಲ್ಲಿ ನೀರಿನಿಂದ ಆ ಗ್ಯಾಸು ಮಾಡುವ ಸೆಲ್ ಮೇಜಿನ ಮೇಲೇ ಇರುತ್ತದೆ. ಅದು ಎಷ್ಟು ಗ್ಯಾಸು ಕೊಡುತ್ತದೆ, ಆ ಗ್ಯಾಸಿನಲ್ಲಿ ಎಷ್ಟು ಶಕ್ತಿ ಇದೆ ಎಂಬುದು ಗೊತ್ತಾದ ಮೇಲೆ ಗಾಡಿಯ ಮಾತು.

ನೀರಿಗೆ ಕರೆಂಟು ಹರಿಸಿ ಹೈಡ್ರೋಜನ್, ಆಮ್ಲಜನಕ ಬೇರೆ ಮಾಡುವ ವಿದ್ಯೆ ಹೊಸದಲ್ಲ. ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಅದನ್ನು 1800ರಲ್ಲೇ ಮಾಡಿದ್ದರು. ಶಾಲೆಯಲ್ಲಿ ಎರಡು ಪೆನ್ಸಿಲ್ ಕಡ್ಡಿ ಇಟ್ಟು ತೋರಿಸುವ ಪ್ರಯೋಗವನ್ನೇ ಇಲ್ಲಿ ಸ್ಟೀಲ್ ಪ್ಲೇಟಿನಲ್ಲಿ ದೊಡ್ಡದು ಮಾಡುತ್ತೇವೆ.

ಸಾಮಾನು

15 ಸೆಂಟಿಮೀಟರ್ ಚೌಕದ ಏಳು ಸ್ಟೀಲ್ ಪ್ಲೇಟು, ನಡುವೆ ಇಡಲು 3 ಮಿಲಿಮೀಟರ್ ದಪ್ಪದ ಇಪಿಡಿಎಂ ರಬ್ಬರ್ ಗ್ಯಾಸ್ಕೆಟ್ ಆರು, ಎರಡು ತುದಿಗೆ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಲಗೆ, ಬೋಲ್ಟು, ಹೋಸು, 12 ವೋಲ್ಟಿನ ಬ್ಯಾಟರಿ, 15 ಆಂಪಿಯರ್ ಫ್ಯೂಸು, ಸ್ವಿಚ್ಚು, ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರು, ಥರ್ಮಾಮೀಟರು, ಕಣ್ಣಿಗೆ ಗಾಗಲ್ಸು, ಕೈಗೆ ಉದ್ದದ ರಬ್ಬರ್ ಗ್ಲೌಸು.

ಸ್ಟೀಲಿನ ವಿಷಯದಲ್ಲಿ ರಾಜಿ ಬೇಡ. ತುಕ್ಕು ತಡೆಯುವ 316ಎಲ್ ದರ್ಜೆ ಎಂದು ಬಿಲ್ಲಿನಲ್ಲಿ ಬರೆಸಿಕೊಂಡೇ ತನ್ನಿ. ಕೆಲವರು ಅಯಸ್ಕಾಂತ ಹಿಡಿದು ‘ಅಂಟಲಿಲ್ಲ, ಒಳ್ಳೆ ಮಾಲು’ ಎಂದು ಒಯ್ಯುತ್ತಾರೆ. ಅಗ್ಗದ 202 ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆಯಿಂದ ಏನೂ ತಿಳಿಯದು. ತುದಿಯ ಹಲಗೆಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಚಂದ ಕಾಣುತ್ತದೆ. ಆದರೆ ಕರೆಂಟು ಹರಿಯಲೆಂದು ನೀರಿಗೆ ಬೆರೆಸುವ ಕಾಸ್ಟಿಕ್ (ತೀಕ್ಷ್ಣ ಕ್ಷಾರ) ಅದನ್ನು ತಿಂದು ಬಿರುಕು ಬಿಡಿಸುತ್ತದೆ. ಅಲ್ಯೂಮಿನಿಯಂ ಎಲ್ಲಿಯೂ ಬೇಡ. ಪಾತ್ರೆಯೂ ಬೇಡ, ಕ್ಲಿಪ್ಪೂ ಬೇಡ. ಕಾಸ್ಟಿಕ್ ತಾಗಿದರೆ ಅದು ಕರಗುತ್ತಾ ತಾನೇ ಹೈಡ್ರೋಜನ್ ಬಿಡುತ್ತದೆ.

ಜೋಡಣೆ

ಪ್ಲೇಟುಗಳನ್ನು ಒರಟು ಎಮೆರಿ ಕಾಗದದಿಂದ ಅಡ್ಡಡ್ಡ ಉಜ್ಜಿ ತೊಳೆಯಿರಿ. ಗುಳ್ಳೆ ಬೇಗ ಬಿಟ್ಟುಕೊಳ್ಳುತ್ತದೆ. ಪ್ರತಿ ಪ್ಲೇಟಿಗೂ ಮೇಲೆ ಗ್ಯಾಸಿಗೊಂದು, ಕೆಳಗೆ ನೀರಿಗೊಂದು ತೂತು. ಪಕ್ಕಪಕ್ಕದ ಪ್ಲೇಟುಗಳ ತೂತು ಒಂದೇ ಗೆರೆಯಲ್ಲಿ ಬಾರದಂತೆ ಆಚೀಚೆ ಮಾಡಿ, ಇಲ್ಲದಿದ್ದರೆ ಕರೆಂಟು ಪ್ಲೇಟನ್ನು ಬಿಟ್ಟು ತೂತಿನಲ್ಲೇ ಹಾದುಹೋಗುತ್ತದೆ. ಒಂದು ತುದಿಯ ಪ್ಲೇಟಿಗೆ ಪ್ಲಸ್, ಇನ್ನೊಂದು ತುದಿಗೆ ಮೈನಸ್, ನಡುವಿನ ಐದಕ್ಕೆ ತಂತಿ ಇಲ್ಲ. ಏಳು ಪ್ಲೇಟಿನ ನಡುವೆ ಆರು ಸಂದು, ಒಂದೊಂದೂ ಒಂದು ಚಿಕ್ಕ ಸೆಲ್, ತಲಾ ಸುಮಾರು 2 ವೋಲ್ಟು. ವಿಡಿಯೊಗಳಲ್ಲಿ ತೋರಿಸುವಂತೆ ಎರಡೇ ಪ್ಲೇಟಿಗೆ ನೇರ 12 ವೋಲ್ಟು ಕೊಟ್ಟರೆ ಹೆಚ್ಚಿನ ಶಕ್ತಿ ನೀರು ಕಾಯಿಸುವುದಕ್ಕೇ ಹೋಗುತ್ತದೆ. ಬೋಲ್ಟುಗಳನ್ನು ಗಾಡಿಯ ಚಕ್ರದ ನಟ್ಟಿನಂತೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಬರಿ ನೀರು ತುಂಬಿಸಿ ಒಂದು ರಾತ್ರಿ ಹಳೆ ಪೇಪರಿನ ಮೇಲೆ ಇಡಿ. ಬೆಳಿಗ್ಗೆ ಪೇಪರು ಒದ್ದೆಯಾಗಿದ್ದರೆ ಬಿಚ್ಚಿ ಮತ್ತೆ ಜೋಡಿಸಬೇಕು.

ದ್ರಾವಣ

ನೀರು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರೇ ಆಗಬೇಕು. ನಮ್ಮ ಕರಾವಳಿಯ ಬಾವಿನೀರು ಬೇಡ, ನಳ್ಳಿನೀರೂ ಬೇಡ. ಉಪ್ಪಿನಂಶ ಇದ್ದರೆ ಪ್ಲೇಟು ತೂತುಬೀಳುತ್ತದೆ, ಕ್ಲೋರಿನ್ ಕೂಡ ಬರುತ್ತದೆ. ಅಡುಗೆ ಸೋಡಾ ಹಾಕುವ ಉಪಾಯವನ್ನು ಯಾರೂ ನಂಬಬೇಡಿ. ಅದರಲ್ಲಿ ಸ್ಟೀಲು ಕರಗಿ ಕಂದು ಕೆಸರು ಕೂರುತ್ತದೆ, ಆ ಕೆಸರಿನಲ್ಲಿ ಸ್ಟೀಲಿನ ಕ್ರೋಮಿಯಂ ವಿಷದ ರೂಪದಲ್ಲಿ ಇರಬಹುದು. ಬೇಕಾದ್ದು ಕಾಸ್ಟಿಕ್ ಪೊಟ್ಯಾಷ್. ಅಡಿಕೆಗೆ ಮೈಲುತುತ್ತು ಕಲಸಿದ ಬಾಲ್ದಿಯನ್ನು ಇದಕ್ಕೆ ಬಳಸಬೇಡಿ, ಎಷ್ಟು ತೊಳೆದರೂ ತಾಮ್ರದ ಅಂಶ ಉಳಿದಿರುತ್ತದೆ.

ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಹೊಯ್ಯಬಾರದು. ಲೀಟರಿಗೆ 20 ಗ್ರಾಂನಿಂದ ಶುರುಮಾಡಿ, ಸ್ವಲ್ಪಸ್ವಲ್ಪ ಏರಿಸಿ, ತಣ್ಣಗಿರುವಾಗ ಮೀಟರು 6-7 ಆಂಪಿಯರ್ ತೋರಿಸಿದರೆ ನಿಲ್ಲಿಸಿ. ತಣ್ಣಗಿರುವಾಗಲೇ 10 ಆಂಪಿಯರ್ ಬರಲಿ ಎಂದು ಸುರಿದರೆ ಬಿಸಿಯಾದಂತೆ ಕರೆಂಟು ಏರುತ್ತದೆ, ಕರೆಂಟು ಏರಿದಂತೆ ಇನ್ನೂ ಬಿಸಿಯಾಗುತ್ತದೆ. 60 ಡಿಗ್ರಿ ದಾಟಿತೆಂದರೆ ಸ್ವಿಚ್ಚು ಆಫ್. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿ. ಲಿಂಬೆರಸ, ವಿನೆಗರ್ ಏನನ್ನೂ ಹಾಕಬೇಡಿ.

ಬಬ್ಲರ್: ಇಲ್ಲಿ ಅವಸರ ಸಲ್ಲ

ಸೆಲ್ಲಿನಿಂದ ಬರುವುದು ಬರಿಯ ಹೈಡ್ರೋಜನ್ ಅಲ್ಲ, ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಮ್ಲಜನಕ ಬೆರೆತ ಗ್ಯಾಸು. ಉರಿಯಲು ಬೇಕಾದ್ದೆಲ್ಲ ಪೈಪಿನೊಳಗೇ ಇದೆ, ಹೊರಗಿನ ಗಾಳಿಯ ಹಂಗಿಲ್ಲ. ಗಾಳಿಗೆ ಸೋರಿದ ಹೈಡ್ರೋಜನ್ ಕೂಡ ಶೇಕಡಾ 4ರಿಂದ 75ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಅದಕ್ಕೆ ಸಾಕಾಗುವ ಕಿಡಿ 0.02 ಮಿಲಿಜೂಲಿನಷ್ಟು, ಅಂದರೆ ನೈಲಾನ್ ಅಂಗಿ ಕಳಚುವಾಗ ಚಟಪಟ ಎನ್ನುವ ಕಿಡಿಯೇ ಹೆಚ್ಚಾಯಿತು. ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೂ ಕಷ್ಟ.

ಪೈಪಿನ ಹೊರತುದಿಯಲ್ಲಿ ಹೊತ್ತಿದ ಬೆಂಕಿ ಸೆಲ್ಲಿಗೆ ಮರಳದಂತೆ ತಡೆಯುವುದು ಬಬ್ಲರ್, ಅಂದರೆ ಗ್ಯಾಸು ಗುಳ್ಳೆಯಾಗಿ ಹಾದುಹೋಗುವ ಬಾಟಲಿಯಲ್ಲಿರುವ ನೀರು. ಗಟ್ಟಿ ಪ್ಲಾಸ್ಟಿಕ್ಕಿನ ಬಾಟಲಿ ತೆಗೆದುಕೊಳ್ಳಿ, ಗಾಜಿನದು ಯಾವ ಕಾರಣಕ್ಕೂ ಬೇಡ. ಸೆಲ್ಲಿನಿಂದ ಬರುವ ಪೈಪು ಬಾಟಲಿಯ ತಳ ಮುಟ್ಟಬೇಕು, ಹೊರಹೋಗುವ ಪೈಪು ಬಿರಡೆಯ ಕೆಳಗೇ ನಿಲ್ಲಬೇಕು. ಇವೆರಡು ಅದಲುಬದಲಾಗಿರುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಹಾಗಾದಾಗ ಗ್ಯಾಸು ಮೇಲೆ ಸೇರಿ ನೀರನ್ನು ಒತ್ತಿ ಹೊರಪೈಪಿಗೆ ತಳ್ಳುತ್ತದೆ. ಗಾಡಿಯಲ್ಲಾದರೆ ಆ ನೀರು ಎಂಜಿನಿಗೆ ಹೋಗುತ್ತದೆ, ಆಮೇಲೆ ಬಾಟಲಿಯಲ್ಲಿ ತಡೆಯಲು ಏನೂ ಉಳಿಯುವುದಿಲ್ಲ. ಪೈಪಿನ ತುದಿಯ ಮೇಲೆ ಒಂದು ಗೇಣಿನಷ್ಟಾದರೂ ನೀರು ನಿಲ್ಲಲಿ, ನೀರಿನ ಮೇಲಿನ ಖಾಲಿ ಜಾಗ ಆದಷ್ಟು ಕಡಿಮೆ ಇರಲಿ. ಆ ಜಾಗದಲ್ಲಿ ಎಷ್ಟು ಗ್ಯಾಸು ನಿಂತಿದೆಯೋ ಅಷ್ಟು ಪೆಟ್ಟು. ಬಾಯಿಗೆ ತಿರುಗಿಸುವ ಮುಚ್ಚಳ ಹಾಕಬೇಡಿ. ಒತ್ತಿ ಕೂರಿಸುವ ರಬ್ಬರ್ ಬಿರಡೆ ಹಾಕಿದರೆ ಒಳಗೆ ಹೊತ್ತಿಕೊಂಡರೂ ಬಿರಡೆ ಹಾರುತ್ತದೆ, ಬಾಟಲಿ ಸಿಡಿಯುವ ಅಪಾಯ ಕಡಿಮೆ. ಬಿರಡೆಯ ನೇರಕ್ಕೆ ಮುಖ ಒಡ್ಡಬೇಡಿ.

ಸ್ವಿಚ್ಚು ಆಫ್ ಮಾಡಿ ಸೆಲ್ಲು ತಣ್ಣಗಾಗುವಾಗ ಬಬ್ಲರಿನ ನೀರನ್ನು ಹಿಂದಕ್ಕೆ ಹೀರಿಕೊಳ್ಳುವುದುಂಟು. ಅದಕ್ಕೆ ಸೆಲ್ಲಿಗೂ ಬಬ್ಲರಿಗೂ ನಡುವೆ ಒಂದು ಚಿಕ್ಕ ಖಾಲಿ ಬಾಟಲಿ ಇಡಿ, ಮೇಲೆ ಉಕ್ಕಿಬರುವ ಕಾಸ್ಟಿಕ್ ನೊರೆಯೂ ಅದರಲ್ಲೇ ನಿಲ್ಲುತ್ತದೆ. ಮೀನಿನ ತೊಟ್ಟಿಗೆ ಹಾಕುವ ಪ್ಲಾಸ್ಟಿಕ್ ಚೆಕ್‌ವಾಲ್ವನ್ನು ‘ಬೆಂಕಿ ತಡೆ’ ಎಂದು ಕಿಟ್ಟಿನ ಜೊತೆ ಕೊಡುತ್ತಾರೆ. ಅದು ಗಾಳಿಯ ದಿಕ್ಕು ಕಾಯುತ್ತದೆ, ಬೆಂಕಿಯನ್ನಲ್ಲ. ಅದನ್ನು ನಂಬಿ ಬಬ್ಲರ್ ಬಿಡಬೇಡಿ.

ಸೆಲ್ಲನ್ನು ಚಾವಡಿಯಲ್ಲೋ ಅಂಗಳದಲ್ಲೋ ಗಾಳಿಯಾಡುವ ಕಡೆ ಓಡಿಸಿ. ಕರೆಂಟು ಕೊಡುವ ಮೊದಲು ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ, ಸೈಕಲ್ ಪಂಪಿನಿಂದ ಮೆಲ್ಲನೆ ಗಾಳಿ ಕೊಟ್ಟು ಗುಳ್ಳೆ ಏಳುತ್ತದೆಯೇ ನೋಡಿ. ಬಾಯಿಂದ ಊದಬೇಡಿ. ಸ್ವಿಚ್ಚು, ಫ್ಯೂಸು, ಬ್ಯಾಟರಿ ಎಲ್ಲವೂ ಸೆಲ್ಲಿನಿಂದ ಎರಡು ಮೀಟರ್ ದೂರ. ಈ ಗ್ಯಾಸನ್ನು ಬಲೂನಿಗೆ, ಕವರಿಗೆ, ಸಿಲಿಂಡರಿಗೆ ತುಂಬಿಡುವುದು ಬೇಡ. ಸೋಪಿನ ಗುಳ್ಳೆಗೆ ಕಡ್ಡಿ ಗೀರಿ ಡಬ್ ಎನಿಸುವ ವಿಡಿಯೊ ನೋಡಿ ಮಕ್ಕಳು ಆಸೆಪಡುತ್ತಾರೆ. ಕಿವಿಯ ತಮಟೆಗೆ ಅದು ಆಟವಲ್ಲ.

ಗ್ಯಾಸಿನ ಅಳತೆ

ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ನೀರಿನ ಬಾಲ್ದಿಯಲ್ಲಿ ತಲೆಕೆಳಗಾಗಿ ಹಿಡಿದು, ಬಬ್ಲರಿನಿಂದ ಬರುವ ಪೈಪನ್ನು ಅದರ ಬಾಯಿಗೆ ಕೊಡಿ. ಬಾಟಲಿ ಖಾಲಿಯಾಗಲು ಎಷ್ಟು ಸೆಕೆಂಡು ಹಿಡಿಯಿತು, ಆಗ ಎಷ್ಟು ಆಂಪಿಯರ್ ಇತ್ತು, ಎರಡನ್ನೂ ಬರೆದುಕೊಳ್ಳಿ. ಬಳಿಕ ಬಾಟಲಿಯನ್ನು ಬಯಲಿನಲ್ಲಿ ಮೇಲ್ಮುಖ ಮಾಡಿ ಗ್ಯಾಸು ಬಿಟ್ಟುಬಿಡಿ.

ಎಷ್ಟು ಬರಬೇಕು ಎಂಬುದನ್ನು, ಹರಿದ ಕರೆಂಟಿಗೆ ತಕ್ಕಷ್ಟೇ ಗ್ಯಾಸು ಎನ್ನುವ ಫ್ಯಾರಡೆಯ ನಿಯಮ ಮೊದಲೇ ಹೇಳಿಬಿಡುತ್ತದೆ. ನಮ್ಮೂರಿನ 30 ಡಿಗ್ರಿ ಸೆಕೆಯಲ್ಲಿ ಒಂದು ಸೆಲ್ಲಿಗೆ ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಬೆರಕೆ ಗ್ಯಾಸು ಸುಮಾರು 0.7 ಲೀಟರ್. ಆರು ಸೆಲ್ಲು, 10 ಆಂಪಿಯರ್ ಎಂದರೆ ಗಂಟೆಗೆ 42 ಲೀಟರ್, ನಿಮಿಷಕ್ಕೆ 0.7 ಲೀಟರ್. ಅರ್ಧ ಲೀಟರಿನ ಬಾಟಲಿಗೆ ಸುಮಾರು 43 ಸೆಕೆಂಡು ಬೇಕು. 50 ಸೆಕೆಂಡು ಹಿಡಿದರೆ ಕರೆಂಟು ತೂತುಗಳಲ್ಲಿ ಸೋರುತ್ತಿದೆ ಅಥವಾ ಪೈಪು ಸೋರುತ್ತಿದೆ. 35 ಸೆಕೆಂಡಿಗೇ ತುಂಬಿದರೆ ಸಂಭ್ರಮಿಸಬೇಡಿ, ಬಿಸಿಯಾದ ಸೆಲ್ಲಿನಿಂದ ನೀರಾವಿ ಬರುತ್ತಿದೆ. 60 ಡಿಗ್ರಿಯಲ್ಲಿ ಹೊರಬರುವ ಗ್ಯಾಸಿನ ಐದನೇ ಒಂದು ಪಾಲು ಬರಿ ಆವಿ. ಬಬ್ಲರಿಗೆ ತಣ್ಣೀರು ಹಾಕಿ ಮತ್ತೆ ಅಳೆದರೆ ಗೊತ್ತಾಗುತ್ತದೆ. ಫ್ಯಾರಡೆಯ ಲೆಕ್ಕಕ್ಕಿಂತ ದುಪ್ಪಟ್ಟು ಗ್ಯಾಸು ಕೊಡುತ್ತದೆ ಎನ್ನುವ ಕಿಟ್ಟಿಗೆ ಹಣ ಕೊಡಬೇಡಿ. ಅಮೆರಿಕದ ಸ್ಟ್ಯಾನ್ಲಿ ಮೇಯರ್ ಎಂಬಾತ ಇಂಥದೇ ಸೆಲ್ಲಿನಿಂದ ನೀರಿನಲ್ಲಿ ಕಾರು ಓಡಿಸುತ್ತೇನೆ ಎಂದು ಹೂಡಿಕೆದಾರರಿಂದ ಹಣ ಎತ್ತಿದ್ದ. 1996ರಲ್ಲಿ ಒಹಾಯೊದ ನ್ಯಾಯಾಲಯ ಅದನ್ನು ಘೋರ ವಂಚನೆ ಎಂದು ತೀರ್ಮಾನಿಸಿ ಹಣ ಹಿಂದಿರುಗಿಸಲು ಆದೇಶಿಸಿತು.

ಈಗ ಶಕ್ತಿಯ ಲೆಕ್ಕ. ಗಾಡಿ ಓಡುವಾಗ 13.8 ವೋಲ್ಟು, 10 ಆಂಪಿಯರ್ ಎಂದರೆ 138 ವ್ಯಾಟು: 35 ವ್ಯಾಟಿನ ನಾಲ್ಕು ಹೆಡ್‌ಲೈಟನ್ನು ಹಗಲಿಡೀ ಉರಿಸಿದಷ್ಟು. ಬರುವ 42 ಲೀಟರಿನಲ್ಲಿ ಹೈಡ್ರೋಜನ್ 28 ಲೀಟರ್, ಅದು ಉರಿದರೆ ಸಿಗುವ ಶಾಖ ಸುಮಾರು 75 ವ್ಯಾಟು. ಎಂಜಿನು ಅದರ ಕಾಲು ಪಾಲನ್ನು ಚಕ್ರಕ್ಕೆ ಮುಟ್ಟಿಸಿದರೂ 19 ವ್ಯಾಟು. ಆ 138 ವ್ಯಾಟು ತೆಗೆಯಲು, ಗಾಡಿಯಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ ಎಂಜಿನು 200 ವ್ಯಾಟಿಗಿಂತ ಹೆಚ್ಚು ಕೊಡಬೇಕು. ಇನ್ನೊಂದು ಕಡೆಯಿಂದ ನೋಡಿ: ಗಂಟೆಗೆ 3 ಲೀಟರ್ ಪೆಟ್ರೋಲು ಕುಡಿಯುವ ಕಾರಿನಲ್ಲಿ ಈ ಹೈಡ್ರೋಜನ್ನಿನ ಪಾಲು ಪೆಟ್ರೋಲಿನ ಶಕ್ತಿಯ ಶೇಕಡಾ 0.3ನ್ನೂ ಮುಟ್ಟುವುದಿಲ್ಲ. ಇದನ್ನು ನೋಡಿದ ಮೇಲೆ ನಾನು ಹೇಳುವುದಿಷ್ಟೆ: ಸೆಲ್ಲನ್ನು ಮೇಜಿನ ಮೇಲೇ ಇಟ್ಟುಕೊಳ್ಳಿ, ಮಕ್ಕಳ ವಿಜ್ಞಾನ ಮೇಳಕ್ಕೆ ಒಯ್ಯಿರಿ, ಗಾಡಿಗೆ ಕಟ್ಟಬೇಡಿ.

ಈಗಾಗಲೇ ಕಟ್ಟಿಸಿಕೊಂಡವರಿಗೆ

‘ನನಗೆ ಲೀಟರಿಗೆ ಐದು ಕಿಲೋಮೀಟರ್ ಜಾಸ್ತಿ ಬಂತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅಳತೆ ತಪ್ಪಿದೆ. ಮಂಜೇಶ್ವರದ ಕಡೆಯವರು ರೇಟು ಕಡಿಮೆಯೆಂದು ತಲಪಾಡಿ ದಾಟಿ ಕರ್ನಾಟಕದ ಪಂಪಿನಲ್ಲಿ ತುಂಬಿಸುತ್ತಾರೆ, ಮುಂದಿನ ಸಲ ಉಪ್ಪಳದಲ್ಲಿ ತುಂಬಿಸುತ್ತಾರೆ. ಒಂದು ಕಡೆ ನೆಲ ಓರೆ, ಒಂದು ಕಡೆ ನಳಿಗೆ ಬೇಗ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಒಂದು ಲೀಟರ್ ಹೆಚ್ಚುಕಡಿಮೆಯಾಗಲು ಅಷ್ಟು ಸಾಕು. ಹಾಗಾಗಿ ಒಂದೇ ಪಂಪು, ಒಂದೇ ನಳಿಗೆ, ಗಾಡಿಯ ಮುಖ ಒಂದೇ ದಿಕ್ಕಿಗೆ, ನಳಿಗೆ ಮೊದಲ ಸಲ ನಿಂತಾಗ ನಿಲ್ಲಿಸಿ. ಟಯರಿನ ಗಾಳಿ ಪ್ರತಿ ಸಲ ನೋಡಿ. ಹೆದ್ದಾರಿ 66ರ ಆರು ಪಥದಲ್ಲಿ ಓಡಿದ ಮೈಲೇಜನ್ನು ಬದಿಯಡ್ಕ, ಮುಳ್ಳೇರಿಯದ ಏರಿಳಿತದ ಮೈಲೇಜಿಗೆ ಹೋಲಿಸಬೇಡಿ, ಮಳೆಗಾಲದ್ದನ್ನು ಬೇಸಿಗೆಯದಕ್ಕೆ ಹೋಲಿಸಬೇಡಿ.

ಎಲ್ಲಕ್ಕಿಂತ ದೊಡ್ಡದು ಕೈಯ ವಿಷಯ. ಕಿಟ್ಟು ಹಾಕಿದ ದಿನದಿಂದ ಓಡಿಸುವವನ ಕೈ ತಾನಾಗಿ ಹಗುರಾಗುತ್ತದೆ, ಆಕ್ಸಿಲರೇಟರ್ ಮೆಲ್ಲ ತಿರುಗುತ್ತದೆ. ಅದಕ್ಕೆ ಸೆಲ್ಲಿನ ಸ್ವಿಚ್ಚು ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ಒಂದು ಟ್ಯಾಂಕು ಆನ್, ಒಂದು ಟ್ಯಾಂಕು ಆಫ್, ಯಾವಾಗ ಯಾವುದೆಂದು ಓಡಿಸುವವರಿಗೆ ಗೊತ್ತಾಗಬಾರದು. ಹಾಗೆ ಮೂರು ನಾಲ್ಕು ಜೊತೆ ಟ್ಯಾಂಕು ಓಡಿಸಿ, ಕೊನೆಗೆ ಇಬ್ಬರೂ ಲೆಕ್ಕ ಬರೆದಿಟ್ಟ ಪುಸ್ತಕವನ್ನು ಎದುರಿಗಿಟ್ಟು ನೋಡಿ.

2020ರ ಏಪ್ರಿಲ್ 1ರ ನಂತರದ ಬಿಎಸ್-6 ಪೆಟ್ರೋಲ್ ಗಾಡಿಯಾದರೆ ಇನ್ನೊಂದು ಎಚ್ಚರಿಕೆ. ಹೊಗೆಪೈಪಿನ ಆಕ್ಸಿಜನ್ ಸೆನ್ಸರನ್ನು ಮೋಸಗೊಳಿಸುವ ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಕಿಟ್ಟಿನ ಜೊತೆ ಕೊಟ್ಟಿದ್ದರೆ, ಪೆಟ್ರೋಲು ಕಡಿಮೆ ಮಾಡುತ್ತಿರುವುದು ಗ್ಯಾಸಲ್ಲ, ಆ ಪೆಟ್ಟಿಗೆ. ಅದರಿಂದ ಎಂಜಿನು ಮಿತಿಮೀರಿ ಬಿಸಿಯಾಗಿ ವಾಲ್ವು ಸುಡಬಹುದು. ತೆಗೆಸಿಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. ಅಪಘಾತವಾದಾಗ ಇನ್ಶೂರೆನ್ಸಿನವರು ಮೊದಲು ಕೇಳುವುದೂ ಇದನ್ನೇ.

ಪ್ರಯೋಗ ಮುಗಿದ ಮೇಲೆ

ತಿಳಿಯಾಗಿರುವ ದ್ರಾವಣವನ್ನು ಮತ್ತೆ ಬಳಸಬಹುದು. ಕಂದು ತಿರುಗಿದ್ದನ್ನು ಅಡಿಕೆ ಬುಡಕ್ಕೆ, ಬಾವಿಕಟ್ಟೆಯ ಹತ್ತಿರ, ಚರಂಡಿಗೆ ಚೆಲ್ಲಬೇಡಿ. ಬೇರೆ ಕ್ಯಾನಿನಲ್ಲಿ ತೆಗೆದಿಟ್ಟು ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನವರನ್ನು ಕೇಳಿ. ಯಾವುದೇ ಆಗಲಿ, ದಪ್ಪ ಪ್ಲಾಸ್ಟಿಕ್ ಕ್ಯಾನಿನಲ್ಲಿ ಮುಚ್ಚಳ ಬಿಗಿದು, ಮೇಲೆ ‘ಕಾಸ್ಟಿಕ್, ಮುಟ್ಟಬಾರದು’ ಎಂದು ಕನ್ನಡ, ಮಲಯಾಳ ಎರಡರಲ್ಲೂ ದೊಡ್ಡದಾಗಿ ಬರೆದು, ಬೀಗವಿರುವ ಕಪಾಟಿನಲ್ಲಿಡಿ. ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಬೇಡಿ, ನೋಡಲು ಅದು ನೀರಿನ ಹಾಗೆಯೇ ಇರುತ್ತದೆ.